ಎಲೆಕ್ಟ್ರಿಕ್ ಶವರ್: ಋತುವಿಗೆ ತಕ್ಕ ಬಿಸಿ ಹೊಂದಿಸುವುದು ಹೇಗೆ?

ಬೇಸಿಗೆಯಲ್ಲಿ ಹದವಾಗಿ ಬಿಸಿನೀರು ಸುರಿಸುತ್ತಿದ್ದ ಎಲೆಕ್ಟ್ರಿಕ್ ಶವರ್ ಚಳಿಗಾಲ ಬಂದೊಡನೆ ಉಗುರುಬೆಚ್ಚಗಿನ ನೀರನ್ನಷ್ಟೇ ಕೊಡತೊಡಗಿದರೆ, ಅದು ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ತೊಟ್ಟಿಯಲ್ಲಿ ಕಾದ ನೀರನ್ನು ಕೂಡಿಡದೆ, ಹರಿಯುವ ನೀರನ್ನೇ ಆಗಿಂದಾಗಲೇ ಕಾಯಿಸುವ ಈ ಉಪಕರಣದ ಶಕ್ತಿ ಸೀಮಿತವಾದುದು. 9 ಕಿಲೋವ್ಯಾಟ್‌ನ ಶವರ್, 20 ಡಿಗ್ರಿ ಸೆಲ್ಸಿಯಸ್‌ನ ನೀರನ್ನು 40 ಡಿಗ್ರಿಗೆ ಏರಿಸುವಾಗ ನಿಮಿಷಕ್ಕೆ ಸುಮಾರು 6.5 ಲೀಟರ್ ಕೊಡಬಲ್ಲದು. ಒಳಬರುವ ನೀರು 5 ಡಿಗ್ರಿಗೆ ಇಳಿದಿದ್ದರೆ ಅದೇ ಬಿಸಿಯಲ್ಲಿ 3.7 ಲೀಟರ್ ಮಾತ್ರ ಸಿಗುತ್ತದೆ.

ಬಹುತೇಕ ಸಾಮಾನ್ಯ ಮಾದರಿಗಳಲ್ಲಿ ಬಿಸಿ ಹೊಂದಿಸುವ ಗುಂಡಿಯು ಬದಲಿಸುವುದು ನೀರಿನ ಹರಿವನ್ನೇ ಹೊರತು ಕಾಯಿಸುವ ಶಕ್ತಿಯನ್ನಲ್ಲ; ಹರಿವು ಕಡಿಮೆಯಾದಷ್ಟೂ ನೀರು ಹೆಚ್ಚು ಬಿಸಿಯಾಗುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಮೊದಲು ಪವರ್ ಸ್ವಿಚ್ಚನ್ನು ಗರಿಷ್ಠ ಮಟ್ಟಕ್ಕಿಡಿ. ಅನಂತರ ಗುಂಡಿಯನ್ನು ಬಿಸಿಯ ಕಡೆಗೆ ಸ್ವಲ್ಪವೇ ತಿರುಗಿಸಿ, ಅರ್ಧ ನಿಮಿಷ ಕಾದು, ಕೈಯಿಂದ ನೀರನ್ನು ಮುಟ್ಟಿ ನೋಡಿ. ಧಾರೆ ಸಣ್ಣದಾಗುವುದನ್ನು ಒಪ್ಪಿಕೊಳ್ಳಲೇಬೇಕು. ವೋಲ್ಟೇಜ್ ಇಳಿದಿದ್ದರೆ ತೊಂದರೆ ಇನ್ನೂ ಹೆಚ್ಚು: ವೋಲ್ಟೇಜ್ ಶೇ 10ರಷ್ಟು ಕುಸಿದರೆ ಕಾವು ಶೇ 19ರಷ್ಟು ಕಡಿಮೆಯಾಗುತ್ತದೆ.

ಬೇಸಿಗೆಯ ತೊಂದರೆ ಇದಕ್ಕೆ ತದ್ವಿರುದ್ಧ. ಚಳಿಗಾಲದಲ್ಲಿ ತಿರುಗಿಸಿಟ್ಟ ಗುಂಡಿಯನ್ನು ಹಾಗೆಯೇ ಬಿಟ್ಟರೆ ನೀರು ಸುಡುವಷ್ಟು ಕಾಯುತ್ತದೆ, ಇಲ್ಲವೇ ಥರ್ಮಲ್ ಕಟೌಟ್ (ಬಿಸಿ ಮಿತಿಮೀರಿದಾಗ ತಾನಾಗಿಯೇ ಆರುವ ಸುರಕ್ಷತಾ ಸ್ವಿಚ್) ಕಾವನ್ನು ನಿಲ್ಲಿಸಿ, ಸ್ನಾನದ ನಡುವೆ ಒಮ್ಮೆಲೇ ತಣ್ಣೀರು ಬೀಳುತ್ತದೆ. ಆಗ ಹರಿವನ್ನು ಹೆಚ್ಚಿಸಿ. ಸಾಲದಿದ್ದರೆ ಪವರನ್ನು ಕೆಳಗಿನ ಮಟ್ಟಕ್ಕೆ ತನ್ನಿ.

ಹರಿವು ಹೆಚ್ಚಿಸಿದರೂ ಬಿಸಿ ತಗ್ಗದಿದ್ದಲ್ಲಿ, ಗಡಸು ನೀರಿನ ಬಿಳಿ ಪದರ ಶವರ್ ತಲೆಯ ರಂಧ್ರಗಳನ್ನು ಮುಚ್ಚಿರುವ ಸಾಧ್ಯತೆಯಿದೆ. ಅದನ್ನು ಶುಚಿಗೊಳಿಸುವುದು ಅನೇಕರು ಮರೆಯುವ ಕೆಲಸ. ತಲೆಯನ್ನು ಬಿಚ್ಚಿ, ನೀರು ಬೆರೆಸಿದ ವಿನೆಗರ್‌ನಲ್ಲಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆಯಿರಿ.

ಗರಿಷ್ಠ ಪವರ್‌ನಲ್ಲಿ, ಸಣ್ಣ ಧಾರೆಯಲ್ಲಿಯೂ ನೀರು ಬೆಚ್ಚಗಾಗದಿದ್ದರೆ ಒಳಗಿನ ಹೀಟಿಂಗ್ ಎಲಿಮೆಂಟ್‌ಗಳಲ್ಲೊಂದು ಸುಟ್ಟಿರಬಹುದು. ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ನೀರು ಮತ್ತು ವಿದ್ಯುತ್ತು ಅಕ್ಕಪಕ್ಕದಲ್ಲೇ ಇರುವ ಈ ಪೆಟ್ಟಿಗೆಯ ಮುಚ್ಚಳವನ್ನು ನೀವಾಗಿಯೇ ತೆರೆಯಬೇಡಿ.