ಅಮೆರಿಕದ ನೀರಿನ ಬಿಲ್ಲಿನಲ್ಲಿ ಮಳೆಯ ಲೆಕ್ಕ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದ ಹೋಗಿ ಅಮೆರಿಕದಲ್ಲಿ ಮನೆ ಕೊಂಡವರು ಮೊದಲ ನೀರಿನ ಬಿಲ್ ನೋಡಿ ಊರಿಗೆ ಫೋನ್ ಮಾಡಿ ಕೇಳುತ್ತಾರೆ: ಇದೇನು ಸ್ಟಾರ್ಮ್‌ವಾಟರ್ (ಮಳೆನೀರಿನ) ಶುಲ್ಕ, ಮಳೆಗೂ ದುಡ್ಡಾ?

ಮಳೆಗಲ್ಲ. ನಿಮ್ಮ ಮನೆಯ ಮಾಡು, ಕಾರು ನಿಲ್ಲಿಸುವ ಕಾಂಕ್ರೀಟು ನೀರನ್ನು ಇಂಗಲು ಬಿಡದೆ ಬೀದಿಗೆ ಹರಿಸುತ್ತವೆ ಅಲ್ವಾ, ಅದಕ್ಕೆ. ಅಲ್ಲಿನ ಹಳೆ ನಗರಗಳಲ್ಲಿ ಮಳೆನೀರೂ ಕಕ್ಕಸಿನ ನೀರೂ ಒಂದೇ ಪೈಪಿನಲ್ಲಿ ಹೋಗುತ್ತವೆ. ಜೋರು ಮಳೆ ಬಂದರೆ ಪೈಪು ತುಂಬಿ ಎರಡೂ ಹೊಳೆ ಸೇರುತ್ತವೆ. ಫಿಲಡೆಲ್ಫಿಯಾದ ಸುಮಾರು ಶೇ. 60 ಭಾಗ ಹೀಗೇ ಇದೆ. ಅದಕ್ಕೇ ಆ ನಗರ 2011ರಲ್ಲಿ 25 ವರ್ಷದ ಯೋಜನೆ ಹಿಡಿಯಿತು: ರಸ್ತೆ ಬದಿಯಲ್ಲಿ ಗಿಡದ ಹೊಂಡ, ನೀರು ಇಳಿಯುವ ಪಾರ್ಕಿಂಗ್, ಗಿಡ ಬೆಳೆಸಿದ ಮಾಡು. ಗುಡ್ಡದಲ್ಲಿ ಮಳೆ ಇಂಗಿದರೆ ಮಾತ್ರ ಬೇಸಿಗೆಯಲ್ಲಿ ಸುರಂಗದಲ್ಲಿ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯಲ್ಲಿ) ನೀರು ಎಂದು ಗೊತ್ತಿರುವ ನಮಗೆ ಇದು ಹೊಸ ಪಾಠ ಅಲ್ಲ.

ಶುಲ್ಕ ಎಲ್ಲ ಕಡೆ ಒಂದೇ ಥರ ಇಲ್ಲ. ರಾಜಧಾನಿ ವಾಷಿಂಗ್ಟನ್‌ನಲ್ಲಿ ನೀರು ಇಂಗದ ಗಟ್ಟಿ ನೆಲ ಎಷ್ಟಿದೆ ಎಂದು ಅಳೆದು ಹಾಕುತ್ತಾರೆ, ನೀರು ಇಂಗಿಸಿದರೆ ಸ್ಟಾರ್ಮ್‌ವಾಟರ್ ಶುಲ್ಕದಲ್ಲಿ ಶೇ. 55ರವರೆಗೆ ರಿಯಾಯಿತಿ ಇದೆ, ಆದರೆ ನೀವೇ ಅರ್ಜಿ ಹಾಕಬೇಕು. ಫಿಲಡೆಲ್ಫಿಯಾದಲ್ಲಿ ಮನೆಗಳಿಗೆಲ್ಲ ಒಂದೇ ದರ. ಅಲ್ಲಿ ಬಿಲ್ ಇಳಿಯುವುದಿಲ್ಲ, ಬದಲಿಗೆ ರೈನ್ ಚೆಕ್ ಯೋಜನೆಯಲ್ಲಿ ಮನೆಯವರಿಗೆ ಇಂಗಿಸುವ ಕೆಲಸಕ್ಕೆ ನೆರವು ಕೊಡುತ್ತಾರೆ.

ತಂಗಿಯ ಮನೆಗೆ ಹೋಗಿದ್ದಾಗ ನಾವಿಬ್ಬರೇ ರೈನ್ ಗಾರ್ಡನ್ (ಮಳೆನೀರು ಇಂಗಿಸುವ ಗಿಡದ ತಗ್ಗು) ತೋಡಿದೆವು. ಮೊದಲು ಅವಳು ಮಾಡಿನ ನೀರು ಹಿಡಿಯುವ ಡ್ರಮ್ ಒಂದೇ ಸಾಕು ಅಂದಿದ್ದಳು. ಸಾಕಾಗುವುದಿಲ್ಲ. 1,000 ಚದರ ಅಡಿ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,350 ಲೀಟರ್ ನೀರು, ಡ್ರಮ್ ಹಿಡಿಯುವುದು ಇನ್ನೂರು. ತೋಡುವ ಕೆಲವು ದಿನ ಮೊದಲು 811ಕ್ಕೆ ಫೋನ್ ಮಾಡಿ, ನೆಲದಡಿ ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆ ಎಂದು ಗುರುತು ಹಾಕಿಸುತ್ತಾರೆ, ಇದನ್ನು ಮಾತ್ರ ತಪ್ಪಿಸಬೇಡಿ. ಅಡಿಪಾಯದಿಂದ ಹತ್ತಡಿ ದೂರ ಇರಲಿ. ಸಣ್ಣ ಗುಂಡಿ ತೋಡಿ ನೀರು ತುಂಬಿ ನೋಡಿ. ಒಂದು ದಿನದಲ್ಲಿ ಇಂಗದಿದ್ದರೆ ಆ ಜಾಗ ಬೇಡ, ನಮ್ಮ ಮುರಕಲ್ಲಿನ ನೆಲದ ಅಂದಾಜು ಅಲ್ಲಿನ ಜೇಡಿಮಣ್ಣಿಗೆ ಹೊಂದುವುದಿಲ್ಲ. ನೀರು ಮೂರು ದಿನಕ್ಕಿಂತ ಜಾಸ್ತಿ ನಿಂತರೆ ಸೊಳ್ಳೆ ಆಗಬಹುದು.

ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವವರು ಹಿತ್ತಲಿನ ತಗ್ಗನ್ನು ಸುಮ್ನೆ ಮಣ್ಣು ಹಾಕಿ ಮುಚ್ಚಬೇಡಿ. ಅದು ಮಳೆನೀರಿಗೆಂದೇ ಮಾಡಿದ್ದಿರಬಹುದು, ನೋಡಿಕೊಳ್ಳುವ ಹೊಣೆ ನಿಮ್ಮದೆಂದು ಮನೆಯ ದಾಖಲೆಯಲ್ಲೇ ಬರೆದಿರಬಹುದು. ಸಹಿ ಹಾಕುವ ಮೊದಲು ಓದಿ.