ಆಲ್ಕೊಹಾಲ್‌ಗೆ ಟಿಬಿಎಸ್ ತೊಡಿಸುವುದು, ಕಳಚುವುದು

ಟಿಬಿಎಸ್ ಎಂದರೆ ಟರ್ಟ್-ಬ್ಯುಟೈಲ್‌ಡೈಮೀಥೈಲ್‌ಸಿಲಿಲ್, ಬೇರೆ ಹಂತಗಳಲ್ಲಿ ಆಲ್ಕೊಹಾಲ್‌ನ ಹೈಡ್ರಾಕ್ಸಿಲ್ (OH) ಪ್ರತಿಕ್ರಿಯಿಸದಂತೆ ತಾತ್ಕಾಲಿಕವಾಗಿ ಮುಚ್ಚಿಡುವ ರಕ್ಷಕ ಗುಂಪು. ಅದನ್ನು ಹಾಕುವುದು ಸುಲಭ, ಪೇಚಾಟವೆಲ್ಲ ತೆಗೆಯುವಾಗ. ಆ ಹಂತಕ್ಕೆ ಬರುವ ಹೊತ್ತಿಗೆ ಅಣುವಿನಲ್ಲಿ ಇನ್ನೇನೇನು ಇರುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

1972ರಲ್ಲಿ ಕೋರಿ ಮತ್ತು ವೆಂಕಟೇಶ್ವರಲು ಪ್ರಕಟಿಸಿದ ವಿಧಾನವೇ ಇವತ್ತಿಗೂ ಚಾಲ್ತಿಯಲ್ಲಿದೆ. 10 ಮಿಲಿಮೋಲ್ ಪ್ರೈಮರಿ ಆಲ್ಕೊಹಾಲ್ ಅನ್ನು 10 ಮಿ.ಲೀ. ಒಣ ಡಿಎಂಎಫ್ (ಡೈಮೀಥೈಲ್‌ಫಾರ್ಮಮೈಡ್) ದ್ರಾವಕದಲ್ಲಿ ಕರಗಿಸಿ, ನೈಟ್ರೋಜನ್ ಅಡಿಯಲ್ಲಿ 1.70 ಗ್ರಾಂ ಇಮಿಡಜೋಲ್ (2.5 ಈಕ್ವಿವಲೆಂಟ್, ಅಂದರೆ ಆಲ್ಕೊಹಾಲ್‌ನ ಮೋಲ್‌ಗಳ 2.5 ಪಟ್ಟು) ಹಾಕಿ. ಐಸ್‌ನಲ್ಲಿ ತಣಿಸಿ 1.81 ಗ್ರಾಂ ಟಿಬಿಎಸ್ ಕ್ಲೋರೈಡ್ (1.2 ಈಕ್ವಿವಲೆಂಟ್) ಸೇರಿಸಿ, ಆಮೇಲೆ ಕೋಣೆಯ ಉಷ್ಣತೆಗೆ ಬಿಡಿ. ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ, ಬೇಗ ತೂಗಿ ಬಾಟಲಿ ಮುಚ್ಚಿಬಿಡಿ. ಇಮಿಡಜೋಲ್ ಕಡಿಮೆ ಮಾಡಬೇಡಿ: ಸಿಲಿಲ್ ಗುಂಪನ್ನು ಚುರುಕುಗೊಳಿಸುವುದೂ ಅದೇ, ಹುಟ್ಟುವ ಎಚ್‌ಸಿಎಲ್ ಹಿಡಿದುಕೊಳ್ಳುವುದೂ ಅದೇ.

ಫ್ಲಾಸ್ಕ್‌ನಿಂದ ನೇರವಾಗಿ ಟಿಎಲ್‌ಸಿ (ಕ್ರಿಯೆ ಎಲ್ಲಿಗೆ ಬಂತೆಂದು ನೋಡುವ ತೆಳುಪದರ ಕ್ರೊಮಟೋಗ್ರಫಿ) ಇಟ್ಟರೆ ಡಿಎಂಎಫ್‌ನಿಂದಾಗಿ ಚುಕ್ಕೆ ಎಳೆದುಕೊಂಡು ಏನೂ ತಿಳಿಯುವುದಿಲ್ಲ. ಎರಡು ಹನಿ ತೆಗೆದು ನೀರು, ಈಥರ್ ಜೊತೆ ಕುಲುಕಿ, ಮೇಲಿನ ಪದರವನ್ನು ಇಡಿ. ಆಲ್ಕೊಹಾಲ್ ಮುಗಿದ ಮೇಲೆ 50 ಮಿ.ಲೀ. ನೀರು ಹಾಕಿ ಈಥರ್‌ನಿಂದ ಮೂರು ಸಲ ಎಳೆಯಿರಿ. ಈಥರ್ ಪದರವನ್ನು ನೀರಿನಿಂದ ಎರಡು ಸಲ, ಕೊನೆಗೆ ಉಪ್ಪುನೀರಿನಿಂದ ತೊಳೆಯಿರಿ.

ಹೆಚ್ಚಾದ ಕ್ಲೋರೈಡ್ ನೀರಿನಲ್ಲಿ ಸಿಲನಾಲ್, ಡೈಸಿಲೋಕ್ಸೇನ್ ಆಗುತ್ತದೆ. ಯುವಿ ದೀಪಕ್ಕೆ ಇವೆರಡೂ ಕಾಣವು. ಪ್ರೋಟಾನ್ ಎನ್‌ಎಂಆರ್‌ನಲ್ಲಿ 0.9 ಪಿಪಿಎಂ ಬಳಿ (ಟಿಬಿಎಸ್‌ನ ಟರ್ಟ್-ಬ್ಯುಟೈಲ್ ಕಾಣುವ ಜಾಗ) 9ಕ್ಕಿಂತ ಹೆಚ್ಚು ಹೈಡ್ರೋಜನ್ ಎಣಿಕೆ ಬಂದರೆ ಮೊದಲ ಸಂಶಯ ಇವುಗಳ ಮೇಲೇ ಇರಲಿ. ಇಳುವರಿ ನೂರು ದಾಟಿದ ಸಂಭ್ರಮಕ್ಕೂ ಬಹುಪಾಲು ಇವೇ ಕಾರಣ!

ಸೆಕೆಂಡರಿ ಆಲ್ಕೊಹಾಲ್ ನಿಧಾನ; ಟರ್ಶರಿ ಈ ವಿಧಾನಕ್ಕೆ ಸಾಮಾನ್ಯವಾಗಿ ಬಗ್ಗುವುದಿಲ್ಲ. ಅಲ್ಲಿ ಡೈಕ್ಲೋರೋಮೀಥೇನ್‌ನಲ್ಲಿ ಟಿಬಿಎಸ್ ಟ್ರೈಫ್ಲೇಟ್, 2,6-ಲ್ಯುಟಿಡೀನ್ ಬಳಸಿ. ಅಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಇದ್ದರೆ ಬೇಸ್ ಸಿಕ್ಕಾಗ ಸಿಲಿಲ್ ಒಂದರಿಂದ ಇನ್ನೊಂದಕ್ಕೆ ಜಾರಬಹುದು.

ತೆಗೆಯಲು ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯುರಾನ್) ದ್ರಾವಕದಲ್ಲಿ 1 ಮೋಲಾರ್ ಟಿಬಿಎಎಫ್ (ಸಿಲಿಲ್ ಕಳಚುವ ಫ್ಲೋರೈಡ್ ಲವಣ), 1.2ರಿಂದ 1.5 ಈಕ್ವಿವಲೆಂಟ್, 0 ಡಿಗ್ರಿಯಿಂದ ಶುರು ಮಾಡಿ. ಆದರೆ ಅದು ಬೇಸ್ ಕೂಡ ಹೌದು. ಆಲ್ಕೊಹಾಲ್ ಎಸ್ಟರ್‌ನ ಅಥವಾ ಕೀಟೋನ್‌ನ ಬೀಟಾ ಸ್ಥಾನದಲ್ಲಿದ್ದರೆ ಎಲಿಮಿನೇಷನ್ ಆಗಿ ಡಬಲ್ ಬಾಂಡ್ ಕೈಗೆ ಬರಬಹುದು. ಅಂಥ ಕಡೆ ಟಿಬಿಎಎಫ್‌ಗೆ ಸಮ ಈಕ್ವಿವಲೆಂಟ್ ಅಸೆಟಿಕ್ ಆಮ್ಲ ಬೆರೆಸಿ. ವೇಗ ತಗ್ಗುತ್ತದೆ, ಅಣು ಉಳಿಯುತ್ತದೆ. ಎಚ್‌ಎಫ್-ಪಿರಿಡೀನ್‌ಗೆ (ಹೈಡ್ರೋಜನ್ ಫ್ಲೋರೈಡ್ ಇರುವ ಇನ್ನೊಂದು ಕಾರಕ) ಕೈಹಾಕುವುದಾದರೆ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು, ಗಾಜನ್ನು ಅದು ತಿನ್ನುತ್ತದೆ. ಎಚ್‌ಎಫ್ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟಕುವಲ್ಲಿ ಇಲ್ಲದೆ ಆ ಬಾಟಲಿ ತೆರೆಯಲೇಬೇಡಿ.