ಡಾಟ್ಸನ್ 240ಝಡ್ ಬಾಗಿಲಿಗೆ ಹೊಸ ರಬ್ಬರ್ ಆರಿಸುವ ಬಗೆ

1969ರ ಅಕ್ಟೋಬರ್‌ನಲ್ಲಿ ನಿಸ್ಸಾನ್ ಕಂಪನಿ ಜಪಾನಿನಲ್ಲಿ ಫೇರ್‌ಲೇಡಿ ಝಡ್ ಎಂಬ ಹೆಸರಿನಿಂದ ಹೊರತಂದ, ಅಮೆರಿಕದಲ್ಲಿ ಡಾಟ್ಸನ್ 240ಝಡ್ ಎಂದು ಹೆಸರಾದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿಗೆ ಈಗ ಅರ್ಧ ಶತಮಾನ ದಾಟಿದೆ. ಮೂಲ ಬಾಗಿಲ ರಬ್ಬರ್ ಇನ್ನೂ ಉಳಿದಿರುವ ಕಾರು ಸಿಗುವುದು ಅಪರೂಪ. ಸಿಕ್ಕರೂ ರಬ್ಬರ್ ಗಟ್ಟಿಯಾಗಿ, ಮೂಲೆಗಳಲ್ಲಿ ಸೀಳುಬಿಟ್ಟಿರುತ್ತದೆ. ಅದನ್ನು ಬದಲಿಸಲು ಹೊರಟವರಿಗೆ ಎದುರಾಗುವ ದೊಡ್ಡ ತೊಡಕು ಮಳೆನೀರಿನದಲ್ಲ. ಹೊಸ ರಬ್ಬರ್ ಕೂರಿಸಿದ ಮೇಲೆ ಬಾಗಿಲೇ ಸರಿಯಾಗಿ ಮುಚ್ಚುವುದಿಲ್ಲ ಎಂಬುದೇ ಇದೇ ಬಾಡಿಯ 260ಝಡ್ ಮತ್ತು 1978ರವರೆಗೆ ತಯಾರಾದ 280ಝಡ್ ಕಾರುಗಳ ಮಾಲೀಕರೂ ಸೇರಿದಂತೆ ಬಹುತೇಕರ ದೂರು. ಪೊಟ್ಟಣದ ಮೇಲೆ ಕಾರಿನ ಹೆಸರು ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ರಬ್ಬರ್ ಕೊಳ್ಳುವುದರಿಂದ ಈ ಸ್ಥಿತಿ ಬರುತ್ತದೆ. ಕೊಳ್ಳುವ ಮೊದಲು ತಿಳಿದಿರಬೇಕಾದದ್ದು ಎರಡು ಸಂಗತಿ: ಬಾಗಿಲಿಗೂ ಬಾಡಿಗೂ ನಡುವೆ ನಿಜವಾಗಿ ಎಷ್ಟು ಸಂದಿ ಇದೆ, ಮತ್ತು ಆ ಸಂದಿಯೊಳಗೆ ರಬ್ಬರ್ ಎಷ್ಟು ಸುಲಭವಾಗಿ ಅಮುಕಿಕೊಳ್ಳುತ್ತದೆ.

ಈ ಕಾರಿನಲ್ಲಿ ಮುಖ್ಯ ರಬ್ಬರ್ ಕೂರುವುದು ಬಾಗಿಲಿನ ಮೇಲಲ್ಲ, ಬಾಡಿಯಲ್ಲಿ ಬಾಗಿಲ ಕಂಡಿಯ ಸುತ್ತ ಎದ್ದುನಿಂತಿರುವ ತಗಡಿನ ಅಂಚಿನ ಬಳಿ. ಆ ಅಂಚಿಗೆ ಒಳಗಿನಿಂದ ಅಲಂಕಾರದ ಪಟ್ಟಿಯೊಂದು ಹಿಡಿದುಕೊಂಡಿರುತ್ತದೆ. ಬಾಗಿಲಿನ ಮೇಲ್ಭಾಗದಲ್ಲಿ ಗಾಜಿನ ಸುತ್ತ ಇರುವ ಹೊಳೆಯುವ ಚೌಕಟ್ಟು ಬಾಗಿಲಿನ ಪೆಟ್ಟಿಗೆಯೊಂದಿಗೆ ಬೆಸುಗೆಯಾದದ್ದಲ್ಲ, ಬೋಲ್ಟುಗಳಿಂದ ಬಿಗಿದದ್ದು. ಆದ್ದರಿಂದಲೇ ಅದನ್ನು ಒಳಕ್ಕೂ ಹೊರಕ್ಕೂ ತುಸು ಸರಿಸಲು ಸಾಧ್ಯ. ಹಿಂದೆ ಯಾರೋ ಬಿಚ್ಚಿ ಕೂರಿಸಿದ್ದರೆ ಅದು ಸರಿದೇ ಇರುವುದೂ ಸಾಧ್ಯ. ಬಾಗಿಲ ಕೆಳಭಾಗದಲ್ಲಿ ಐದು ಮಿಲಿಮೀಟರ್ ಸಂದಿಯಿದ್ದು ಗಾಜಿನ ಮೇಲ್ಮೂಲೆಯಲ್ಲಿ ಹನ್ನೆರಡು ಇದ್ದರೆ, ಜಗತ್ತಿನ ಯಾವ ರಬ್ಬರೂ ಎರಡೂ ಕಡೆ ಸರಿಹೋಗದು.

ಹೀಗಾಗಿ ಮೊದಲ ಕೆಲಸ ಅಂಗಡಿಯದಲ್ಲ, ಬಾಗಿಲಿನದು. ಬಾಗಿಲನ್ನು ಅರ್ಧ ತೆರೆದು ಅದರ ಹಿಂತುದಿಯನ್ನು ಎರಡು ಕೈಗಳಿಂದ ಹಿಡಿದು ಮೆಲ್ಲಗೆ ಮೇಲೆತ್ತಿ ನೋಡಬೇಕು. ಎತ್ತಿದಾಗ ಕೀಲಿನಲ್ಲಿ ಆಟ ಕಂಡರೆ ಪಿನ್ನುಗಳು ಸವೆದಿವೆ ಎಂದರ್ಥ. ಉದ್ದನೆಯ, ತೂಕದ ಬಾಗಿಲುಗಳಿರುವ ಎರಡು ಬಾಗಿಲಿನ ಕಾರುಗಳಲ್ಲಿ ಇದು ಸಾಮಾನ್ಯ. ಕೀಲನ್ನು ಸರಿಪಡಿಸಿದ ನಂತರ ಹಳೆಯ ರಬ್ಬರನ್ನು ಪೂರ್ತಿ ತೆಗೆದು, ರಬ್ಬರ್ ಇಲ್ಲದೆಯೇ ಬಾಗಿಲು ಮುಚ್ಚಿ, ಅದರ ಹಿಂದಿನ ಅಂಚು ಪಕ್ಕದ ಬಾಡಿಯೊಂದಿಗೆ ಒಂದೇ ಮಟ್ಟದಲ್ಲಿ ಬರುವಂತೆ ಸ್ಟ್ರೈಕರನ್ನು, ಅಂದರೆ ಬಾಡಿಯ ಮೇಲೆ ಬೀಗ ಕಚ್ಚಿಕೊಳ್ಳುವ ಭಾಗವನ್ನು, ಹೊಂದಿಸಬೇಕು. ರಬ್ಬರ್ ಇಲ್ಲದಾಗಲೂ ಬಾಗಿಲು ಒರಟಾಗಿ ಮುಚ್ಚುತ್ತಿದ್ದರೆ ತಪ್ಪು ಬೀಗದಲ್ಲೋ ಕೀಲಿನಲ್ಲೋ ಇದೆಯೇ ಹೊರತು ರಬ್ಬರಿನಲ್ಲಿಲ್ಲ. ಇದಾದ ಮೇಲೆ ಗಾಜಿನ ಚೌಕಟ್ಟಿನ ಸರದಿ. ಈ ಕ್ರಮ ತಪ್ಪಿಸಬಾರದು. ಮೊದಲು ಚೌಕಟ್ಟು ಸರಿಸಿ ಆಮೇಲೆ ಕೀಲು ಮುಟ್ಟಿದರೆ ಮಾಡಿದ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ.

ಸಂದಿಯನ್ನು ಅಳೆಯಲು ದುಬಾರಿ ಉಪಕರಣ ಬೇಡ. ಮಕ್ಕಳು ಆಡುವ ಬಣ್ಣದ ಜೇಡಿಮಣ್ಣನ್ನು ನೆಲ್ಲಿಕಾಯಿ ಗಾತ್ರದ ಉಂಡೆಗಳಾಗಿ ಮಾಡಿ, ಪೇಂಟಿಗೆ ಅಂಟದಂತೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ರಬ್ಬರ್ ಕೂರುವ ಜಾಗದುದ್ದಕ್ಕೂ ಗೇಣಿಗೊಂದರಂತೆ ಇಡಬೇಕು. ಬಾಗಿಲನ್ನು ಬಡಿಯದೆ, ಒತ್ತಿ, ಬೀಗದ ಎರಡನೆಯ ಹಂತದವರೆಗೆ, ಅಂದರೆ ಅದು ಪೂರ್ತಿ ಹಿಡಿಯುವವರೆಗೆ, ಮುಚ್ಚಿ ಮತ್ತೆ ತೆರೆದರೆ ಪ್ರತಿ ಉಂಡೆಯೂ ಆ ಜಾಗದ ಸಂದಿಯಷ್ಟೇ ದಪ್ಪಕ್ಕೆ ಚಪ್ಪಟೆಯಾಗಿರುತ್ತದೆ. ಒಂದೊಂದನ್ನೂ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು, ಬಾಗಿಲ ಕಂಡಿಯ ಚಿತ್ರ ಬರೆದುಕೊಂಡು ಅದರ ಮೇಲೆ ಅಂಕಿಗಳನ್ನು ಗುರುತಿಸಬೇಕು. ಅಂಕಿಗಳ ನಡುವಿನ ವ್ಯತ್ಯಾಸ ಎರಡು ಮೂರು ಮಿಲಿಮೀಟರ್ ಒಳಗಿದ್ದರೆ ಮುಂದುವರಿಯಬಹುದು. ಅದಕ್ಕೂ ಹೆಚ್ಚಿದ್ದರೆ ಬಾಗಿಲ ಹೊಂದಾಣಿಕೆಗೆ ಮರಳುವುದೇ ಲೇಸು. ಕ್ಯಾಲಿಪರ್ ಕೈಯಲ್ಲಿರುವಾಗಲೇ ತಗಡಿನ ಅಂಚಿನ ದಪ್ಪವನ್ನೂ ನಾಲ್ಕಾರು ಕಡೆ ಅಳೆದಿಟ್ಟುಕೊಳ್ಳಬೇಕು. ತುಕ್ಕು ಕತ್ತರಿಸಿ ಹೊಸ ತಗಡು ಬೆಸೆದ ಕಾರುಗಳಲ್ಲಿ ಅದು ಒಂದೆಡೆ ತೆಳ್ಳಗೆ, ಇನ್ನೊಂದೆಡೆ ಮೂರು ಪದರ ಸೇರಿ ದಪ್ಪಗೆ ಇರುತ್ತದೆ. ಅಂಚನ್ನು ಕಚ್ಚಿ ಹಿಡಿಯುವ ಬಗೆಯ ರಬ್ಬರ್ ಕೊಳ್ಳುವುದಾದರೆ ಈ ಅಳತೆಯಿಲ್ಲದೆ ಕೊಳ್ಳಲಾಗದು.

ಇನ್ನು ರಬ್ಬರಿನ ಆಯ್ಕೆ. ಬಾಗಿಲಿಗೆ ತಾಗುವ ಭಾಗ ಟೊಳ್ಳಾದ ಕೊಳವೆಯಂತಿರುತ್ತದೆ. ಈ ಕೊಳವೆ ತನ್ನ ಎತ್ತರದಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಅಮುಕಿದರೆ ನೀರೂ ಗಾಳಿಯೂ ನಿಲ್ಲುತ್ತವೆ, ಬಾಗಿಲೂ ಹಗುರವಾಗಿ ಮುಚ್ಚುತ್ತದೆ. ಸಂದಿ 10 ಮಿಲಿಮೀಟರ್ ಇದ್ದರೆ 15 ಮಿಲಿಮೀಟರ್ ಎತ್ತರದ ಕೊಳವೆ ಸರಿ. ಅದೇ ಜಾಗಕ್ಕೆ 20 ಮಿಲಿಮೀಟರಿನದನ್ನು ಹಾಕಿದರೆ ಅದು ಅರ್ಧಕ್ಕೆ ಕುಗ್ಗಬೇಕು. ಆಗ ಕೊಳವೆಯ ಗೋಡೆಗಳು ಒಂದಕ್ಕೊಂದು ತಾಗಿ, ಅಲ್ಲಿಂದ ಮುಂದೆ ನೀವು ಅಮುಕುತ್ತಿರುವುದು ಗಾಳಿಯನ್ನಲ್ಲ, ರಬ್ಬರನ್ನೇ. ದಪ್ಪ ಹೆಚ್ಚಿದ್ದಷ್ಟೂ ಭದ್ರ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಎತ್ತರದಷ್ಟೇ ಮುಖ್ಯವಾದದ್ದು ಮೆದುತನ. ಈಗ ಕಾರುಗಳ ಬಾಗಿಲಿಗೆ ಹೆಚ್ಚಾಗಿ ಬಳಸುವುದು ಇಪಿಡಿಎಂ ಎಂಬ ಕೃತಕ ರಬ್ಬರನ್ನು. ಬಿಸಿಲನ್ನೂ ಓಝೋನನ್ನೂ ತಡೆಯುವುದರಲ್ಲಿ ಅದು ಸಹಜ ರಬ್ಬರಿಗಿಂತ ಎಷ್ಟೋ ಮೇಲು. ಆದರೆ ಇಪಿಡಿಎಂ ಎಂದು ಬರೆದಿದ್ದರೆ ಸಾಲದು. ಅದರಲ್ಲೇ ಟೈರಿನಂತೆ ಗಟ್ಟಿಯಾದ ಬಗೆಯೂ ಇದೆ, ಒಳಗೆಲ್ಲ ಸಣ್ಣ ಗುಳ್ಳೆಗಳಿರುವ ಸ್ಪಂಜಿನ ಬಗೆಯೂ ಇದೆ. ಬಾಗಿಲಿಗೆ ತಾಗುವ ಕೊಳವೆ ಸ್ಪಂಜಿನದ್ದಾಗಿರಬೇಕು, ಅಂಚನ್ನು ಹಿಡಿಯುವ ಬುಡ ಗಟ್ಟಿಯದ್ದಾಗಿರಬೇಕು. ಅಡ್ಡ ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದರೆ ಎರಡರ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ: ಒಂದು ನುಣ್ಣಗೆ ಹೊಳೆಯುತ್ತದೆ, ಇನ್ನೊಂದರ ತುಂಬ ಸೂಜಿಮೊನೆಯಷ್ಟು ರಂಧ್ರಗಳಿರುತ್ತವೆ. ಎರಡು ಬೆರಳುಗಳ ನಡುವೆ ಹಿಸುಕಿದಾಗ ಹೆಚ್ಚು ಬಲ ಬೇಡದೆ ಚಪ್ಪಟೆಯಾಗಿ, ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಬರುವಂತಿದ್ದರೆ ಒಳ್ಳೆಯದು. ಕೊಳವೆಯ ಉದ್ದಕ್ಕೂ ಅಲ್ಲಲ್ಲಿ ಸಣ್ಣ ತೂತುಗಳಿವೆಯೇ ಎಂದೂ ನೋಡಬೇಕು. ಬಾಗಿಲು ಮುಚ್ಚಿದಾಗ ಒಳಗಿನ ಗಾಳಿ ಹೊರಹೋಗುವುದು ಅವುಗಳ ಮೂಲಕವೇ; ತೂತಿಲ್ಲದ ಕೊಳವೆ ಗಾಳಿ ತುಂಬಿದ ಟ್ಯೂಬಿನಂತೆ ಬಾಗಿಲನ್ನು ಹಿಂದಕ್ಕೆ ತಳ್ಳುತ್ತದೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಈ ಕಾರಿಗೆಂದೇ ಅಚ್ಚು ಹಾಕಿ ಮಾಡಿದ ರಬ್ಬರಿನಲ್ಲಿ ಮೂಲೆಗಳು ಸರಿಯಾದ ತಿರುವಿನಲ್ಲೇ ಬರುತ್ತವೆ, ನೋಟವೂ ಮೂಲದ್ದಕ್ಕೆ ಹತ್ತಿರ. ಆದರೆ ಇವುಗಳಲ್ಲಿ ಕೆಲವು ತೀರ ಗಟ್ಟಿ. ಬಾಗಿಲು ಮುಚ್ಚುವುದಿಲ್ಲ ಎಂಬ ದೂರು ಹೆಚ್ಚಾಗಿ ಹುಟ್ಟುವುದು ಇಲ್ಲಿಂದಲೇ. ಪೂರ್ತಿ ಸೆಟ್ ತರಿಸುವ ಮುನ್ನ ಒಂದು ತುಂಡಿನ ಮಾದರಿ ಕೇಳಿ, ಹಿಸುಕಿ ನೋಡಿ ತೀರ್ಮಾನಿಸುವುದು ಒಳ್ಳೆಯದು. ಎರಡನೆಯದು ಅಡಿ ಅಥವಾ ಮೀಟರ್ ಲೆಕ್ಕದಲ್ಲಿ ಸಿಗುವ ರಬ್ಬರ್. ಅಳತೆ ಕೈಯಲ್ಲಿರುವವರಿಗೆ ಬೇಕಾದ ಎತ್ತರವನ್ನೇ ಆರಿಸುವ ಸ್ವಾತಂತ್ರ್ಯ ಇದರಲ್ಲಿದೆ; ಮೂಲೆಗಳಲ್ಲಿ ಮಾತ್ರ ಮಡಚಿಕೊಳ್ಳದಂತೆ ಎಚ್ಚರ ವಹಿಸಬೇಕು.

ಮೂರನೆಯದು ಬೇರೊಂದು ಕಾರಿನ ರಬ್ಬರನ್ನು ತಂದು ಹೊಂದಿಸುವುದು. ಅಮೆರಿಕದ ಝಡ್ ಮಾಲೀಕರ ನಡುವೆ ಬಹುಕಾಲದಿಂದ ಬಳಕೆಯಲ್ಲಿರುವುದು ಮೊದಲ ತಲೆಮಾರಿನ ಕಿಯಾ ಸ್ಪೋರ್ಟೇಜ್ ಗಾಡಿಯ ಮುಂಬಾಗಿಲ ರಬ್ಬರ್. ಅದರ ಕೊಳವೆ ಮೆದು, ಬುಡದಲ್ಲೇ ಲೋಹದ ತಿರುಳಿರುವ ಹಿಡಿತವಿದೆ. ತಗಡಿನ ಅಂಚಿಗೆ ಒತ್ತಿ ಕೂರಿಸಿದರೆ ಗೋಂದು ಬೇಡ, ಒಳಗಿನ ಅಲಂಕಾರದ ಪಟ್ಟಿಯ ಕೆಲಸವನ್ನೂ ಅದೇ ಮಾಡುತ್ತದೆ. ಉದ್ದವನ್ನು ಕತ್ತರಿಸಿ ಹೊಂದಿಸಿಕೊಳ್ಳಬೇಕು, ನೋಟ ಮೂಲದಂತಿರುವುದಿಲ್ಲ. ಕಾರನ್ನು ಪ್ರದರ್ಶನದ ತೀರ್ಪುಗಾರರ ಮುಂದೆ ನಿಲ್ಲಿಸುವ ಉದ್ದೇಶವಿಲ್ಲದೆ ಓಡಿಸಲೆಂದೇ ಇಟ್ಟುಕೊಂಡಿರುವವರಿಗೆ ನಾನು ಹೇಳುವುದು ಇದನ್ನೇ. ಬಾಗಿಲನ್ನು ದಿನವೂ ಧಡಾರನೆ ಬಡಿಯುವುದಕ್ಕಿಂತ ಅಲಂಕಾರದ ಪಟ್ಟಿಯನ್ನು ಬಿಟ್ಟುಕೊಡುವುದು ಮೇಲು.

ಕೂರಿಸುವಾಗ ರಬ್ಬರನ್ನು ಎಳೆಯಬಾರದು. ಎಳೆದು ಕೂರಿಸಿದ ರಬ್ಬರ್ ಕೆಲವೇ ವಾರಗಳಲ್ಲಿ ಕುಗ್ಗಿ ಜೋಡಣೆಯಲ್ಲಿ ಬಾಯಿಬಿಡುತ್ತದೆ, ಮೂಲೆಗಳಲ್ಲಿ ಚಪ್ಪಟೆಯಾಗಿ ಅಲ್ಲಿಂದಲೇ ನೀರು ಬಿಡುತ್ತದೆ. ಮೂಲೆಗಳಲ್ಲಿ ತುಸು ಒಳಕ್ಕೆ ತಳ್ಳಿ ಕೂರಿಸಿ, ಎರಡು ತುದಿಗಳು ಸೇರುವ ಜಾಗ ಕೆಳಗೆ ಹೊಸ್ತಿಲಿನ ನಡುಭಾಗದಲ್ಲಿ ಬರುವಂತೆ ನೋಡಿಕೊಂಡು, ಬೇಕಾದುದಕ್ಕಿಂತ ಕೆಲವು ಮಿಲಿಮೀಟರ್ ಉದ್ದವಾಗಿಯೇ ಕತ್ತರಿಸಬೇಕು. ಗೋಂದು ಬೇಕಾಗುವ ಬಗೆಯಾದರೆ ಮೊದಲು ಗೋಂದಿಲ್ಲದೆ ಕೂರಿಸಿ, ಒಂದೆರಡು ದಿನ ಬಾಗಿಲು ಮುಚ್ಚಿಟ್ಟು, ಎಲ್ಲವೂ ಸರಿಯೆನಿಸಿದ ಮೇಲಷ್ಟೇ ಅಂಟಿಸಬೇಕು. ಬಾಗಿಲ ರಬ್ಬರಿಗೆಂದೇ ಮಾರುವ ಕಪ್ಪು ಗೋಂದನ್ನು ಬಳಸಿದರೆ ಹೊರಗೆ ಉಕ್ಕಿದ್ದು ಎದ್ದು ಕಾಣುವುದಿಲ್ಲ. ವಿನೆಗರ್ ವಾಸನೆಯ ಸಿಲಿಕೋನ್ ಮಾತ್ರ ಬೇಡವೇ ಬೇಡ; ಒಣಗುವಾಗ ಅದರಿಂದ ಹೊರಡುವ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ, ಈ ಕಾರುಗಳಿಗೆ ಅದರ ಕೊರತೆ ಮೊದಲೇ ಇಲ್ಲ.

ಹೊಸ ರಬ್ಬರ್ ದಿನ ಕಳೆದಂತೆ ಕೂರುತ್ತದೆ ಎಂದು ಮಾರುವವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಸ್ಪಂಜು ಒಂದೆರಡು ವಾರಗಳಲ್ಲಿ ತುಸು ತಗ್ಗುತ್ತದೆ. ಆದರೆ ಬೀಗ ಮೊದಲ ಹಂತದಲ್ಲೇ ನಿಂತು ಎರಡನೆಯದನ್ನು ಮುಟ್ಟದಿದ್ದರೆ ಕಾಯುವುದು ಅಪಾಯ. ಅರ್ಧ ಹಿಡಿದ ಬಾಗಿಲಿನೊಂದಿಗೆ ರಸ್ತೆಗೆ ಇಳಿಯಬಾರದು. ಇಂಥ ಸ್ಥಿತಿಯಲ್ಲಿ ರಬ್ಬರನ್ನು ದೂರುವ ಮುನ್ನ ಎದುರು ಬಾಗಿಲಿನ ಗಾಜನ್ನು ಇಳಿಸಿ ಈ ಬಾಗಿಲನ್ನು ಮುಚ್ಚಿ ನೋಡಬೇಕು. ಆಗ ಹಗುರವಾಗಿ ಮುಚ್ಚಿದರೆ ತಡೆಯುತ್ತಿದ್ದದ್ದು ಕಾರಿನೊಳಗಿನ ಗಾಳಿ. ಗಾಜು ಇಳಿಸಿದರೂ ಅಷ್ಟೇ ಬಲ ಬೇಕಾದರೆ ರಬ್ಬರ್ ಗಟ್ಟಿಯಾಯಿತು ಅಥವಾ ಎತ್ತರವಾಯಿತು. ಅದಕ್ಕಾಗಿ ಸ್ಟ್ರೈಕರನ್ನು ಹೊರಕ್ಕೆ ಸರಿಸಿದರೆ ಬಾಗಿಲು ಬಾಡಿಯ ಮಟ್ಟದಿಂದ ಹೊರಗೆ ನಿಲ್ಲುತ್ತದೆಯೇ ಹೊರತು ಪರಿಹಾರವಾಗುವುದಿಲ್ಲ.

ಪರೀಕ್ಷೆಗೆ ಕಾಗದದ ಪಟ್ಟಿಯೊಂದನ್ನು ಸುತ್ತಲೂ ಅಲ್ಲಲ್ಲಿ ಇಟ್ಟು ಬಾಗಿಲು ಮುಚ್ಚಿ ಎಳೆಯಬೇಕು. ಎಲ್ಲೆಡೆ ಒಂದೇ ಬಿಗಿಯಲ್ಲಿ, ಹರಿಯದೆ, ತಡೆದು ತಡೆದು ಬರಬೇಕು. ನಂತರ ಪೈಪಿನಿಂದ ಸಾಧಾರಣ ರಭಸದಲ್ಲಿ ನೀರು ಬಿಡುತ್ತ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಒಳಗೆ ಟಾರ್ಚ್ ಹಿಡಿದು ಕುಳಿತವರಿಗೆ ನೀರು ನುಗ್ಗುವ ಜಾಗ ಆಗ ಖಚಿತವಾಗಿ ತಿಳಿಯುತ್ತದೆ. ರಬ್ಬರ್ ಒಣಗಿಯೇ ಇದ್ದು ಕಾಲಡಿಯ ಕಾರ್ಪೆಟ್ ಒದ್ದೆಯಾದರೆ ಬೇರೆಡೆ ಹುಡುಕಬೇಕು. ಗಾಜಿನ ಬದಿಯಿಂದ ನೀರು ಬಾಗಿಲಿನೊಳಗೆ ಇಳಿಯುವುದು ಸಹಜ; ಅದು ಕೆಳಗಿನ ತೂತುಗಳಿಂದ ಹೊರಹೋಗಬೇಕು. ತೂತು ಕಟ್ಟಿಕೊಂಡಿದ್ದರೆ ಅಥವಾ ಒಳಫಲಕದ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಅದು ಕಾರಿನೊಳಕ್ಕೇ ಬರುತ್ತದೆ. ವೈಪರ್‌ಗಳ ಕೆಳಗಿನ ತಗಡಿನ ತೊಟ್ಟಿಗೆ ತುಕ್ಕು ಹಿಡಿದಿದ್ದರೂ ಇದೇ ಪರಿಣಾಮ.

ಗೋಂದು ಪೂರ್ತಿ ಒಣಗಿದ ಮೇಲೆ ರಬ್ಬರಿಗೆ ಟಾಲ್ಕಂ ಪುಡಿಯನ್ನೋ ಸಿಲಿಕೋನ್ ಗ್ರೀಸನ್ನೋ ತೆಳ್ಳಗೆ ಸವರಿದರೆ ಪೇಂಟಿಗೆ ಅಂಟಿಕೊಳ್ಳುವುದಿಲ್ಲ. ಪೆಟ್ರೋಲಿಯಂ ಜೆಲ್ಲಿಯನ್ನಾಗಲಿ ಎಂಜಿನ್ ಎಣ್ಣೆಯನ್ನಾಗಲಿ ಹಚ್ಚಬಾರದು, ಇಪಿಡಿಎಂ ಅವುಗಳಿಂದ ಉಬ್ಬುತ್ತದೆ. ಬಾಗಿಲುಗಳೆಲ್ಲ ಸರಿಹೋದ ಮೇಲೂ ಓಡುವಾಗ ಒಳಗೆ ಹೊಗೆಯ ವಾಸನೆ ಬರುತ್ತಿದ್ದರೆ ಅದು ಈ ಮಾದರಿಯ ಹಳೆಯ ಕಾಯಿಲೆ. ಹೊಗೆ ಹಿಂಬದಿಯಿಂದ ಒಳನುಗ್ಗದಂತೆ, ಮೇಲಕ್ಕೆ ತೆರೆಯುವ ಹಿಂಬದಿಯ ಮುಚ್ಚಳದ ರಬ್ಬರನ್ನೂ ಹಿಂದೀಪಗಳ ಹಿಂದಿನ ಗ್ಯಾಸ್ಕೆಟ್ಟುಗಳನ್ನೂ ಇದೇ ರೀತಿ ಅಳೆದು ಬದಲಿಸಬೇಕು.